ಮರ್ಫೀಸ್ ಅಥವಾ ಸಟರ್ ಕ್ರೀಕ್: ಒಂದೇ ದಿನ ಇದ್ದರೆ ಎಲ್ಲಿಗೆ?

ಎರಡೂ ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳ ತಪ್ಪಲಿನ ಊರುಗಳು. 1848ರಲ್ಲಿ ಚಿನ್ನ ಸಿಕ್ಕ ಮೇಲೆ ಜನ ಮುಗಿಬಿದ್ದ ಸೀಮೆ ಇದು. ಈಗ ಸುತ್ತಲೂ ದ್ರಾಕ್ಷಿ ತೋಟ.

ನಡೆದಾಡಿ ನೋಡಬೇಕೆಂದರೆ ಮರ್ಫೀಸ್. ವೈನ್ ರುಚಿ ನೋಡುವ ಅಂಗಡಿಗಳು ಮುಖ್ಯ ಬೀದಿಯಲ್ಲೇ ಸಾಲಾಗಿವೆ, ಕಾರು ಮತ್ತೆ ಮತ್ತೆ ತೆಗೆಯಬೇಕಿಲ್ಲ. ಊರಾಚೆಯ ಐರನ್‌ಸ್ಟೋನ್ ವೈನರಿಯಲ್ಲಿ ಸುಮಾರು 20 ಕಿಲೋ ತೂಕದ ಹರಳು ಚಿನ್ನದ ಗಟ್ಟಿ ಇದೆ. ಅದನ್ನು ಮಾತ್ರ ತಪ್ಪಿಸಬೇಡಿ. ಮಕ್ಕಳಿದ್ದರೆ ಮರ್ಸರ್ ಗುಹೆಗಳು, ಕ್ಯಾಲವೆರಸ್‌ನ ದೈತ್ಯ ಸಿಕೋಯಾ ಮರಗಳು ಹತ್ತಿರದಲ್ಲೇ ಇವೆ. ವೈನ್ ಕುಡಿಯದವರಿಗೂ ದಿನ ಸುಮ್ನೆ ಕಳೆದುಹೋಗಲ್ಲ.

ಸಟರ್ ಕ್ರೀಕ್ ಬೇರೆ ಥರ. ಇಲ್ಲಿಯ ಚಿನ್ನ ಹೊಳೆಮರಳಿನಲ್ಲಿ ಸಿಕ್ಕಿದ್ದಕ್ಕಿಂತ ಬಂಡೆ ಕೊರೆದು ತೆಗೆದದ್ದೇ ಜಾಸ್ತಿ. 1873ರ ನೈಟ್ ಫೌಂಡ್ರಿ ಎಂಬ ಎರಕದ ಕಾರ್ಖಾನೆ ನೀರಿನ ಬಲದಿಂದ ಯಂತ್ರ ಓಡಿಸುತ್ತಿತ್ತು. ಪಕ್ಕದ ಜಾಕ್ಸನ್‌ನಲ್ಲಿ ಕೆನಡಿ ಗಣಿ ಇದೆ, ಆಳ 5,912 ಅಡಿ. ಗಣಿ ತ್ಯಾಜ್ಯ ಎತ್ತುತ್ತಿದ್ದ 58 ಅಡಿಯ ಚಕ್ರಗಳೂ ಅಲ್ಲೇ. ಕೆಜಿಎಫ್ ಕಥೆ ಕೇಳಿ ಬೆಳೆದವರಿಗೆ ಇದು ಮನಸ್ಸಿಗೆ ಹತ್ತಿರ, ಅಲ್ವಾ?

ವೈನ್ ವಿಷಯಕ್ಕೂ ನನ್ನ ಮತ ಸಟರ್ ಕ್ರೀಕ್ ಕಡೆಗೇ. ಅಲ್ಲಿಗೆ ಹತ್ತಿರದ ಪ್ಲೈಮೌತ್ ಊರಿನ ಬಳಿಯ ಶೆನಂಡೋವಾ ಕಣಿವೆಯಲ್ಲಿ ನೂರು ವರ್ಷ ದಾಟಿದ ಜಿನ್‌ಫಂಡೆಲ್ ಎಂಬ ವೈನ್ ದ್ರಾಕ್ಷಿಯ ಬಳ್ಳಿಗಳು ಇನ್ನೂ ಫಲ ಕೊಡುತ್ತಿವೆ. ಆದರೆ ತೋಟಗಳು ದೂರ ದೂರ. ಕುಡಿಯದೆ ಕಾರು ಓಡಿಸುವವರು ಒಬ್ಬರು ಜೊತೆಗಿರಲೇಬೇಕು. ಬೇಸಿಗೆಯ ಮಧ್ಯಾಹ್ನ ಎರಡೂ ಕಡೆ ಬಿಸಿಲು ಜೋರು, ಬೆಳಿಗ್ಗೆಯೇ ಹೊರಡಿ.