ವಿಎಂ ಸಾಗಿಸೋದು: ಓಡುತ್ತಿರುವಾಗಲೇನಾ, ಆಫ್ ಮಾಡಿಯಾ?

ವಿಎಂ ಅಂದರೆ ವರ್ಚುವಲ್ ಮಷೀನ್, ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್. ಅದನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸೋಕೆ, ವಿಎಂಗಳನ್ನು ನಡೆಸುವ ಸಾಫ್ಟ್‌ವೇರ್ ಆದ ಪ್ರಾಕ್ಸ್‌ಮಾಕ್ಸ್‌ನಲ್ಲಿ ಎರಡೂ ಆಗುತ್ತದೆ. ಲೈವ್ ಮೈಗ್ರೇಶನ್‌ನಲ್ಲಿ ವಿಎಂ ಓಡುತ್ತಿರುವಾಗಲೇ ಮೆಮೊರಿ ಹೊಸ ಸರ್ವರ್‌ಗೆ ಕಾಪಿ ಆಗುತ್ತದೆ, ಅಷ್ಟರಲ್ಲಿ ಬದಲಾದ ಪೇಜ್‌ಗಳು (ಮೆಮೊರಿಯ ತುಂಡುಗಳು) ಮತ್ತೆ ಮತ್ತೆ ಹೋಗುತ್ತವೆ, ಕೊನೆಗೆ ಒಂದು ಕ್ಷಣ ಮಾತ್ರ ನಿಲ್ಲುತ್ತದೆ. ಬಳಸುವವರಿಗೆ ಗೊತ್ತೇ ಆಗಲ್ಲ, ನನಗೆ ತುಂಬಾ ಇಷ್ಟ.

ಆದರೆ ಸಿಪಿಯು ನೋಡಿಕೊಳ್ಳಿ. ವಿಎಂನ ಸಿಪಿಯು ಟೈಪ್ 'ಹೋಸ್ಟ್' (ಸರ್ವರ್‌ನ ನಿಜವಾದ ಸಿಪಿಯುವನ್ನೇ ವಿಎಂಗೆ ತೋರಿಸುವ ಸೆಟ್ಟಿಂಗ್) ಅಂತಿದ್ದು, ಹೊಸ ಸಿಪಿಯು ಇರುವ ಸರ್ವರ್‌ನಿಂದ ಹಳೆಯ ಸಿಪಿಯು ಇರುವುದಕ್ಕೆ ಓಡುತ್ತಿರುವಾಗಲೇ ಕಳಿಸಿದರೆ, ಅಲ್ಲಿಲ್ಲದ ಇನ್‌ಸ್ಟ್ರಕ್ಷನ್ (ಸಿಪಿಯು ಆದೇಶ) ಕೇಳಿ ವಿಎಂ ಕ್ರ್ಯಾಶ್ ಆಗಬಹುದು. ಅದರ ಬದಲು 'ಎಕ್ಸ್86-64-ವಿ2-ಎಇಎಸ್' (ಹಲವು ಸಿಪಿಯುಗಳಲ್ಲಿ ಸಾಮಾನ್ಯವಾಗಿ ಇರುವ ಸೌಲಭ್ಯಗಳನ್ನಷ್ಟೇ ಬಳಸುವ ಟೈಪ್) ಇಟ್ಟರೆ ಆ ತಲೆನೋವು ಕಡಿಮೆ. ಇಂಟೆಲ್‌ನಿಂದ ಎಎಂಡಿಗಾದರೆ ಸುಮ್ನೆ ರಿಸ್ಕ್ ಬೇಡ, ಆಫ್ ಮಾಡಿಯೇ ಸಾಗಿಸಿ.

ಆಫ್ ಮಾಡಿದರೆ ಸೇವೆ ನಿಲ್ಲುತ್ತದೆ, ನಿಜ. ಡಿಸ್ಕ್ ದೊಡ್ಡದಿದ್ದರೆ ಹೊತ್ತು ಜಾಸ್ತಿ. ಡಿಸ್ಕ್ ಎರಡೂ ಸರ್ವರ್‌ಗಳು ಬಳಸುವ ಶೇರ್ಡ್ ಸ್ಟೋರೇಜ್‌ನಲ್ಲಿದ್ದರೆ ಕಾಪಿ ಮಾಡೋದೇ ಇಲ್ಲ, ಹೊಸ ಸರ್ವರ್‌ನಲ್ಲಿ ಮತ್ತೆ ಆನ್ ಮಾಡಿದರಾಯಿತು.