ಭೋಸರಿಯ ಪ್ಯಾನೆಲ್ಲಿಗೆ ಯಾವ ಮೋಡೆಮ್? ಡಾಂಗಲ್, ಹಳೆಯ ಫೋನ್, ಮಾಡ್ಯೂಲ್: ಬಳಸಿ ನೋಡಿದ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಕಾರ್ಖಾನೆಯ ಪ್ಯಾನೆಲ್ಲಿನೊಳಗೆ ಕೂರುವ ಪುಟ್ಟ ಕಂಪ್ಯೂಟರಿಗೆ ಮೊಬೈಲ್ ಜಾಲದ ಸಂಪರ್ಕ ಕೊಡಬೇಕೆಂದರೆ ನಾನು ಕ್ವೆಕ್‌ಟೆಲ್ ಇಸಿ25 ಎಂಬ 4ಜಿ ಮೋಡೆಮ್ ಮಾಡ್ಯೂಲನ್ನು ಯುಎಸ್‌ಬಿ ಬೋರ್ಡಿನ ಮೇಲೆ ಕೂರಿಸಿ ಹಾಕುತ್ತೇನೆ. ಯುಎಸ್‌ಬಿಗೆ ಸಿಕ್ಕಿಸುವ ಸಿಮ್ ಡಾಂಗಲ್ ಅಗ್ಗ, ಹಳೆಯ ಫೋನ್ ಪುಕ್ಕಟೆ, ಕೈಗಾರಿಕಾ ರೂಟರ್ ಗಟ್ಟಿಮುಟ್ಟು, ಎಲ್ಲವನ್ನೂ ಬಳಸಿಯಾಯಿತು. ಆದರೂ ನನ್ನ ದುಡ್ಡು ಹೋಗುವುದು ಆ ಬೋರ್ಡಿಗೇ. ನನ್ನ ಕೈಗೆಟಕುವ ಬೆಲೆಯವುಗಳಲ್ಲಿ, ಸಂಪರ್ಕ ಸತ್ತಾಗ ಸತ್ತಿದೆ ಎಂದು ಒಪ್ಪಿಕೊಳ್ಳುವುದು ಅದೊಂದೇ.

ಕೆಲಸ ಸಣ್ಣದು. ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಿಪ್ಪಾಣಿ ಕಡೆಯವರೊಬ್ಬರ ಮಷೀನಿಂಗ್ ವರ್ಕ್‌ಶಾಪ್ ಇದೆ. ಅವರ ಏರ್ ಕಂಪ್ರೆಸರ್ ಯಾವ ಹೊತ್ತಿನಲ್ಲಿ ಎಷ್ಟು ವಿದ್ಯುತ್ ಎಳೆಯುತ್ತದೆ ಎಂಬುದು ಅವರಿಗೆ ಮೊಬೈಲಿನಲ್ಲಿ ಕಾಣಬೇಕು. ಎನರ್ಜಿ ಮೀಟರಿನಿಂದ ಆರ್‌ಎಸ್485 ಎಂಬ ಸೀರಿಯಲ್ ತಂತಿ ಬರುತ್ತದೆ, ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಅದನ್ನು ಮಾಡ್‌ಬಸ್ ಎಂಬ ಮೀಟರ್ ಭಾಷೆಯಲ್ಲಿ ಓದುತ್ತದೆ, ನಿಮಿಷಕ್ಕೊಮ್ಮೆ ಎಂಕ್ಯೂಟಿಟಿ ಎಂಬ ಹಗುರ ಸಂದೇಶ ಪದ್ಧತಿಯ ಮೂಲಕ ಸರ್ವರಿಗೆ ಕಳಿಸುತ್ತದೆ. ಸಲಕ್ಕೆ 300 ಬೈಟ್ ಎಂದಿಟ್ಟುಕೊಂಡರೆ ದಿನದ 1440 ಸಲಕ್ಕೆ ಅರ್ಧ ಎಂಬಿಯೂ ಆಗುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 150 ಎಂಬಿಪಿಎಸ್ ವೇಗ ನನಗೆ ಯಾವ ಲೆಕ್ಕಕ್ಕೂ ಇಲ್ಲ. ವರ್ಕ್‌ಶಾಪಿನ ವೈಫೈಯನ್ನೇ ಬಳಸಬಹುದಿತ್ತಲ್ಲ ಎನ್ನುವವರಿಗೆ: ಅದು ಕಚೇರಿ ಕೋಣೆಯ ಗೋಡೆ ದಾಟುವುದಿಲ್ಲ, ಅದರ ಪಾಸ್‌ವರ್ಡ್ ಬದಲಾದದ್ದನ್ನು ನನಗೆ ಯಾರೂ ಹೇಳುವುದಿಲ್ಲ.

ಇನ್ನೊಂದು ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನಿರುವುದು ಕಾತ್ರಜ್‌ನಲ್ಲಿ, ಊರಿನ ದಕ್ಷಿಣದ ತುದಿ. ಭೋಸರಿ ಉತ್ತರದ ತುದಿ. ಸ್ವಾರಗೇಟ್‌ಗೆ ಬಂದು ಮೆಟ್ರೊ ಹಿಡಿದು, ನಾಶಿಕ್ ಫಾಟಾದಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಹಿಡಿದು ಹೋಗಿ ಒಂದು ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿ ಬರುವುದಕ್ಕೆ ಅರ್ಧ ದಿನ ಬೇಕು. ನನ್ನ ತೀರ್ಪಿನ ಅರ್ಧ ಭಾರ ಈ ದಾರಿಯದ್ದು. ಭೋಸರಿಯಲ್ಲೇ ಮನೆಯಿರುವವರು ಬೇರೆ ತೀರ್ಪು ಕೊಟ್ಟರೆ ನಾನು ಜಗಳವಾಡುವುದಿಲ್ಲ.

ಹಳೆಯ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಟೆದರಿಂಗ್‌ಗೆ, ಅಂದರೆ ತಂತಿಯಲ್ಲಿ ಇಂಟರ್ನೆಟ್ ಹಂಚಲು, ಇಡುವುದು ಒಂದು ದಾರಿ. ಮೇಜಿನ ಮೇಲೆ ಚೆನ್ನಾಗಿ ನಡೆಯುತ್ತದೆ, ಪೈ ಅದನ್ನು ತಕ್ಷಣ ಗುರುತಿಸುತ್ತದೆ. ಆದರೆ ಫೋನ್ ಒಮ್ಮೆ ಆಫ್ ಆಗಿ ಆನ್ ಆದರೆ ಟೆದರಿಂಗ್ ತಾನಾಗಿ ಶುರುವಾಗುವುದಿಲ್ಲ. ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿಗೆ ಪೂರ್ವನಿಗದಿಯಾಗಿ ಟೆದರಿಂಗ್ ಇಡಬಹುದು ನಿಜ, ಪರದೆಯ ಬೀಗ ತೆರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಇದರ ಮೇಲೆ ಹಗಲೂ ರಾತ್ರಿ ಚಾರ್ಜಿಗೆ ಇಟ್ಟ ಬ್ಯಾಟರಿ, ಏಪ್ರಿಲ್ ತಿಂಗಳು, ತಗಡಿನ ಸೂರು. ನಾನು ಇಟ್ಟಿದ್ದ ಫೋನಿನ ಹಿಂಬದಿ ಉಬ್ಬಿ ಪರದೆಯ ಅಂಚು ಎದ್ದು ನಿಂತಿತ್ತು. ವಿದ್ಯುತ್ ಪ್ಯಾನೆಲ್ಲಿನೊಳಗೆ ಉಬ್ಬಿದ ಲಿಥಿಯಂ ಬ್ಯಾಟರಿ! ಆ ಮಾತು ಅಲ್ಲಿಗೇ ಮುಗಿಯಿತು.

ಕೈಗಾರಿಕಾ 4ಜಿ ರೂಟರ್ ಬಗ್ಗೆ ನನ್ನ ತಕರಾರಿಲ್ಲ, ಬೆಲೆ ಬಿಟ್ಟರೆ. ಪ್ಯಾನೆಲ್ಲಿನ ಡಿನ್ ರೈಲ್ ಪಟ್ಟಿಗೆ ಸಿಕ್ಕಿಸಿ, 24 ವೋಲ್ಟ್ ಕೊಟ್ಟು, ಎರಡು ಸಿಮ್ ಹಾಕಿ ಮರೆತುಬಿಡಬಹುದು. ಒಂದೇ ಮೀಟರಿನ ಕೆಲಸಕ್ಕೆ ಪೈಗಿಂತ ದುಬಾರಿಯಾದ ರೂಟರನ್ನು ಮಾಲೀಕರ ಬಿಲ್ಲಿನಲ್ಲಿ ಬರೆಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಡಾಂಗಲ್. ಹೆಚ್ಚಿನವರು ಕೊಳ್ಳುವುದು ಇದನ್ನೇ, ನನ್ನ ತಲೆ ತಿಂದದ್ದೂ ಇದೇ. ಕಂಪನಿಯ ಹೆಸರು ಬೇಡ. ಈ ಬಗೆಯ ಎಲ್ಲ ಡಾಂಗಲ್‌ಗಳ ಸ್ವಭಾವವೂ ಹೆಚ್ಚುಕಡಿಮೆ ಒಂದೇ. ಸಿಕ್ಕಿಸಿದ ಕೂಡಲೇ ಇದು ಪೈಗೆ ತಾನೊಂದು ನೆಟ್‌ವರ್ಕ್ ಕಾರ್ಡ್ ಎಂದು ಹೇಳಿಕೊಳ್ಳುತ್ತದೆ. ಒಳಗೆ ಪುಟ್ಟ ರೂಟರ್ ಇದೆ: ಸಿಮ್‌ನೊಂದಿಗೆ ಮಾತಾಡುವುದು, ಎಪಿಎನ್ (ಮೊಬೈಲ್ ಕಂಪನಿಯ ಡೇಟಾ ಬಾಗಿಲಿನ ಹೆಸರು) ಹಾಕುವುದು, ಕರೆ ಜೋಡಿಸುವುದು ಎಲ್ಲ ಅದರ ಪಾಲು. ಪೈಗೆ ಒಂದು ಖಾಸಗಿ ಐಪಿ ವಿಳಾಸವನ್ನು ಕೊಟ್ಟು ಸುಮ್ಮನಾಗುತ್ತದೆ. ಲಿನಕ್ಸ್‌ನಲ್ಲಿ ಒಂದು ಸಾಲೂ ಬರೆಯಬೇಕಾಗಿಲ್ಲ. ಎಂಥ ಸುಖ ಎನಿಸುತ್ತದೆ.

ಆ ಸುಖವೇ ಆಮೇಲೆ ತೊಡಕಾಗುತ್ತದೆ. ಪೈಗೆ ಗೊತ್ತಿರುವುದು ಡಾಂಗಲ್‌ವರೆಗಿನ ಸಂಗತಿ ಮಾತ್ರ. ಡಾಂಗಲ್‌ನಿಂದ ಟವರಿನತ್ತ ಏನು ನಡೆದಿದೆ ಎಂಬುದು ಅದಕ್ಕೆ ಕಾಣುವುದಿಲ್ಲ. ಟವರಿನ ಕಡೆಯ ಡೇಟಾ ಸೆಷನ್ ಕಡಿದುಹೋದರೂ ಪೈಯ ಪಾಲಿಗೆ ಕೇಬಲ್ ಇದೆ, ವಿಳಾಸ ಇದೆ, ಗೇಟ್‌ವೇಗೆ, ಅಂದರೆ ಹೊರದಾರಿಯ ಬಾಗಿಲಿಗೆ, ಪಿಂಗ್ ಮಾಡಿ ಇದ್ದೀಯಾ ಎಂದು ಕೇಳಿದರೆ ಒಂದು ಮಿಲಿಸೆಕೆಂಡಿನಲ್ಲಿ ಉತ್ತರ ಇದೆ. ಆ ಗೇಟ್‌ವೇ ಅಂದರೆ ಡಾಂಗಲ್ಲೇ ಅಲ್ಲವೇ! ಲಿನಕ್ಸ್‌ನಲ್ಲಿ ಜಾಲ ಸಂಪರ್ಕ ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್ ಹಾಯಾಗಿ ‘ಸಂಪರ್ಕ ಇದೆ’ ಎನ್ನುತ್ತದೆ. ಡಾಂಗಲ್‌ನ ದೀಪವೂ ಕದಲದೆ ಉರಿಯುತ್ತಿರುತ್ತದೆ. ಅದರ ಒಳಪುಟ ತೆರೆದರೆ ಅಲ್ಲಿಯೂ ‘ಕನೆಕ್ಟೆಡ್’. ಸರ್ವರಿನಲ್ಲಿ ಮಾತ್ರ ಗ್ರಾಫ್ ನಿಂತಿರುತ್ತದೆ. ಮಾಲೀಕರ ಫೋನ್ ಬರುತ್ತದೆ: ‘ಸರ್, ಕಂಪ್ರೆಸರ್ ಓಡುತ್ತಿದೆ, ನಿಮ್ಮ ಗೆರೆ ಮಾತ್ರ ಮಲಗಿಬಿಟ್ಟಿದೆ.’

ಭೋಸರಿಯಲ್ಲಿ ಗುರುವಾರ ಹೆಚ್ಚಿನ ಕಾರ್ಖಾನೆಗಳಿಗೆ ವಾರದ ರಜೆ, ವಿದ್ಯುತ್ ದುರಸ್ತಿಯೂ ಅಂದೇ. ವಿದ್ಯುತ್ ಮರಳಿ ಬಂದಾಗ ಪೈ ಮತ್ತು ಡಾಂಗಲ್ ಒಟ್ಟಿಗೆ ಎದ್ದು ಕೂರುತ್ತವೆ. ಡಾಂಗಲ್ ಕೆಲವು ಸಲ ಹೀಗೆ ಅರೆನಿದ್ದೆಯಲ್ಲೇ ಉಳಿದುಬಿಡುತ್ತಿತ್ತು.

ಪರಿಹಾರ ಇಲ್ಲವೆಂದಲ್ಲ. ಹೊರಗಿನ ಯಾವುದಾದರೂ ವಿಳಾಸಕ್ಕೆ ಆಗಾಗ ಪಿಂಗ್ ಮಾಡುವ ಕಾವಲು ಸ್ಕ್ರಿಪ್ಟ್ ಬರೆದೆ. ಸತತವಾಗಿ ಉತ್ತರ ಬಾರದಿದ್ದರೆ ಡಾಂಗಲ್‌ಗೆ ‘ಮರುಪ್ರಾರಂಭಿಸು’ ಎನ್ನಬೇಕು. ಹೇಗೆ? ಅದರ ವೆಬ್ ಪುಟದ ಹಿಂದೆ ಪ್ರೋಗ್ರಾಂಗಳಿಗೆಂದೇ ಇರುವ ಎಪಿಐ ಬಾಗಿಲು ತಟ್ಟಬೇಕು. ಅದಕ್ಕೆ ಮೊದಲು ಸೆಷನ್ ಟೋಕನ್ ಎಂಬ ತಾತ್ಕಾಲಿಕ ಅನುಮತಿ ಚೀಟಿ ಕೇಳಿ ಪಡೆಯಬೇಕು, ಆ ಟೋಕನ್ನನ್ನು ಮುಂದಿನ ಕೋರಿಕೆಯ ಹಣೆಗೆ ಅಂಟಿಸಬೇಕು. ಒಂದು ಡಾಂಗಲ್‌ನಲ್ಲಿ ನಡೆದ ಸ್ಕ್ರಿಪ್ಟ್, ಅದೇ ಮಾದರಿಯ ಇನ್ನೊಂದರಲ್ಲಿ ಫರ್ಮ್‌ವೇರ್ ಬೇರೆ ಎಂಬ ಕಾರಣಕ್ಕೆ ನಡೆಯಲಿಲ್ಲ.

ಸರಿ, ಯುಎಸ್‌ಬಿಯ ವಿದ್ಯುತ್ತನ್ನೇ ಕಡಿದು ಕೊಡೋಣ ಎಂದರೆ ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಪೋರ್ಟ್‌ಗಳ ವಿದ್ಯುತ್ ಒಟ್ಟಿಗೇ ಹೋಗುತ್ತದೆ, ಒಟ್ಟಿಗೇ ಬರುತ್ತದೆ. ಡಾಂಗಲ್ ಜೊತೆಗೆ, ಮೀಟರಿನ ಆರ್‌ಎಸ್485 ತಂತಿಯನ್ನು ಯುಎಸ್‌ಬಿಗೆ ಜೋಡಿಸುವ ಪರಿವರ್ತಕವೂ ಬಿದ್ದು ಏಳುತ್ತದೆ. ಮೀಟರ್ ಓದುವ ಪ್ರೋಗ್ರಾಂ ಹಳೆಯ ಪೋರ್ಟನ್ನು ಇನ್ನೂ ಹಿಡಿದುಕೊಂಡೇ ಇದ್ದರೆ ಪರಿವರ್ತಕ ಸೊನ್ನೆಯ ಬದಲು ಒಂದನೆಯ ಸಂಖ್ಯೆ ಹೊತ್ತು ಹೊಸ ಪೋರ್ಟಾಗಿ ಬರುತ್ತದೆ. ಈಗ ಇಂಟರ್ನೆಟ್ ಬಂತು, ಮೀಟರ್ ಹೋಯಿತು. ಮೂಗು ಸರಿಮಾಡಲು ಹೋಗಿ ಕಿವಿ ಕಳೆದುಕೊಂಡ ಹಾಗೆ.

ಮಾಡ್ಯೂಲಿನಲ್ಲಿ ಈ ನಾಟಕವಿಲ್ಲ. ಇಸಿ25 ಮಿನಿ ಪಿಸಿಐಇ ಆಕಾರದ ಕಾರ್ಡ್. ಸಿಮ್ ಗೂಡು ಇರುವ ಯುಎಸ್‌ಬಿ ಬೋರ್ಡಿಗೆ ಸಿಕ್ಕಿಸಿ ಎರಡು ಸ್ಕ್ರೂ ಬಿಗಿದರೆ ಯುಎಸ್‌ಬಿ ಮೋಡೆಮ್ ಆಯಿತು. ಮೋಡೆಮಿನ ನಿಯಂತ್ರಣವನ್ನು ಪೈಯ ಕೈಗೇ ಕೊಡುವ ಕ್ಯೂಎಂಐ ರೀತಿಯಲ್ಲಿ ಇಟ್ಟರೆ ಲಿನಕ್ಸ್‌ನ ಮೋಡೆಮ್‌ಮ್ಯಾನೇಜರ್ ನೇರವಾಗಿ ಇದರೊಂದಿಗೆ ಮಾತಾಡುತ್ತದೆ. ಸಿಮ್ ಇದೆಯೇ, ಜಾಲದಲ್ಲಿ ನೋಂದಣಿಯಾಗಿದೆಯೇ, ಡೇಟಾ ಜೋಡಣೆ ಇದೆಯೇ ಎಂಬುದು ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಜಾಲ ಪೈಗೆ ಕೊಟ್ಟ ವಿಳಾಸ ಪೈಯ ಮೇಲೇ ಇರುತ್ತದೆ. ಜೋಡಣೆ ಕಡಿದರೆ ಆ ವಿಳಾಸವೂ ಹೋಗುತ್ತದೆ, ನೆಟ್‌ವರ್ಕ್‌ಮ್ಯಾನೇಜರ್ ತಾನೇ ಮತ್ತೆ ಕರೆ ಜೋಡಿಸುತ್ತದೆ. ಮಾಡ್ಯೂಲ್ ಪೂರಾ ಮಂಕಾದರೆ ಸಿಎಫ್‌ಯುಎನ್ ಎಂಬ ಎಟಿ ಆಜ್ಞೆ (ಮೋಡೆಮ್‌ಗೆ ಅಕ್ಷರಗಳಲ್ಲಿ ಕೊಡುವ ಆದೇಶ) ಒಂದೇ ಸಾಕು, ಉಳಿದ ಪೋರ್ಟ್‌ಗಳನ್ನು ಮುಟ್ಟದೆ ಅದು ತನ್ನಷ್ಟಕ್ಕೆ ಮರುಪ್ರಾರಂಭವಾಗುತ್ತದೆ. ಕಾವಲು ಸ್ಕ್ರಿಪ್ಟ್ ಈಗಲೂ ಇದೆ, ಕೆಲಸ ಕಡಿಮೆ ಅಷ್ಟೇ.

ಒಂದು ಎಚ್ಚರಿಕೆ: ಇದೇ ಮಾಡ್ಯೂಲನ್ನು ಇಸಿಎಂ ಎಂಬ ನೆಟ್‌ವರ್ಕ್ ಕಾರ್ಡ್ ರೀತಿಗೆ ಬದಲಾಯಿಸಿದರೆ ಹೊಂದಿಸುವುದು ಸಲೀಸು ಎಂದು ಹಲವರು ಹೇಳುತ್ತಾರೆ. ಸಲೀಸು ಹೌದು. ಆಗ ಅದು ಕೂಡ ಒಳಗೆ ರೂಟರ್ ತೆರೆದು ಖಾಸಗಿ ವಿಳಾಸ ಹಂಚತೊಡಗುತ್ತದೆ; ಡಾಂಗಲ್‌ನ ರೋಗವೇ ಇಲ್ಲಿಗೂ ಬರುತ್ತದೆ. ಕ್ಯೂಎಂಐ ಬಿಡಬೇಡಿ.

ಹೊಂದಿಸುವ ಕೆಲಸ ಇದರಲ್ಲಿ ಹೆಚ್ಚು, ಮುಚ್ಚಿಡುವುದಿಲ್ಲ. ಎಪಿಎನ್ ನೀವೇ ಬರೆಯಬೇಕು: ಜಿಯೋ ಸಿಮ್ ಆದರೆ ಜಿಯೋನೆಟ್, ಏರ್‌ಟೆಲ್ ಆದರೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಕಂಪನಿಯ ಹೆಸರಿನಲ್ಲಿ ಯಂತ್ರಗಳಿಗೆಂದೇ ಇರುವ ಎಂ2ಎಂ ಸಿಮ್, ಅಂದರೆ 13 ಅಂಕಿಯ ಸಂಖ್ಯೆಯ ಸಿಮ್, ತೆಗೆದುಕೊಂಡಿದ್ದರೆ ಎಪಿಎನ್ ಯಾವುದೆಂದು ಕೊಟ್ಟವರನ್ನೇ ಕೇಳಿ. ಮಾಡ್ಯೂಲ್ ನಾಲ್ಕು ಸೀರಿಯಲ್ ಪೋರ್ಟ್ ತೆರೆಯುವುದರಿಂದ ಆರ್‌ಎಸ್485 ಪರಿವರ್ತಕದ ಸಂಖ್ಯೆ ಇಲ್ಲಿಯೂ ಅತ್ತಿತ್ತ ಆಗುತ್ತದೆ. ಪರಿವರ್ತಕದೊಳಗಿನ ಅಗ್ಗದ ಸಿಎಚ್340 ಚಿಪ್‌ಗೆ ಸೀರಿಯಲ್ ಸಂಖ್ಯೆಯೇ ಇರುವುದಿಲ್ಲವಾದ್ದರಿಂದ ಅದು ಯಾವ ಯುಎಸ್‌ಬಿ ತೂತಿನಲ್ಲಿದೆ ಎಂಬುದನ್ನು ಹಿಡಿದು ಯುಡೆವ್ ನಿಯಮ (ಲಿನಕ್ಸ್‌ನಲ್ಲಿ ಸಾಧನಗಳಿಗೆ ಹೆಸರಿಡುವ ನಿಯಮ) ಬರೆದು ‘ಮೀಟರ್’ ಎಂಬ ಖಾಯಂ ಹೆಸರು ಕೊಟ್ಟೆ. ಅದೇ ನಿಯಮದಲ್ಲಿ ‘ಇದು ಮೋಡೆಮ್ ಅಲ್ಲ’ ಎಂಬ ಸೂಚನೆಯನ್ನೂ ಸೇರಿಸಿ, ಇಲ್ಲವಾದರೆ ಮೋಡೆಮ್‌ಮ್ಯಾನೇಜರ್ ಮೀಟರಿನ ತಂತಿಗೂ ಎಟಿ ಆಜ್ಞೆ ಕಳಿಸಿ ಮಾತಾಡಿಸಲು ನೋಡಬಹುದು.

ವಿದ್ಯುತ್: ಪೈ 4ರ ನಾಲ್ಕು ಯುಎಸ್‌ಬಿ ಪೋರ್ಟ್‌ಗಳಿಗೆ ಸೇರಿ ಸಿಗುವುದು 1.2 ಆಂಪಿಯರ್. ಮಾಡ್ಯೂಲ್ 2ಜಿಗೆ ಇಳಿದು ಪ್ರಸಾರ ಮಾಡುವಾಗ ಕ್ಷಣಮಾತ್ರ 2 ಆಂಪಿಯರ್‌ವರೆಗೂ ಎಳೆಯಬಲ್ಲದು. ಆದ್ದರಿಂದ ಪ್ರತ್ಯೇಕ 5 ವೋಲ್ಟ್ ಸಾಕೆಟ್ ಇರುವ ಬೋರ್ಡನ್ನೇ ಕೊಳ್ಳಿ, ಮೇಲಾಗಿ 4ಜಿ ಮಾತ್ರ ಬಳಸುವಂತೆ ಕಟ್ಟಿಹಾಕಿ.

ಆಂಟೆನಾ ವಿಷಯದಲ್ಲಂತೂ ಹೋಲಿಕೆಯೇ ಇಲ್ಲ. ಉಕ್ಕಿನ ಪ್ಯಾನೆಲ್ ಬಾಗಿಲು ಮುಚ್ಚಿದರೆ ಒಳಗೆ ಸಿಗ್ನಲ್ ಉಸಿರುಗಟ್ಟುತ್ತದೆ. ಡಾಂಗಲನ್ನು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲಿನಲ್ಲಿ ಹೊರಗೆ ನೇತುಹಾಕಿದ್ದೆ. ಹೋಗಿಬರುವವರ ಭುಜಕ್ಕೆಲ್ಲ ಅದು ತಾಗುತ್ತಿತ್ತು. ಮಾಡ್ಯೂಲ್ ಪ್ಯಾನೆಲ್ ಒಳಗೇ ಇರುತ್ತದೆ, ಆಂಟೆನಾ ಮಾತ್ರ ಅಯಸ್ಕಾಂತದ ಕಾಲೂರಿ ಮೇಲೆ ನಿಲ್ಲುತ್ತದೆ. ಎಟಿ ಆಜ್ಞೆಯಲ್ಲಿ ಸಿಗ್ನಲ್ ಕೇಳಿದಾಗ ಒಳಗಿದ್ದ ಆಂಟೆನಾಗೆ 7 ಬರುತ್ತಿತ್ತು, ಮೇಲಿಟ್ಟ ಮೇಲೆ 19. ಈ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೆದರೆ ಸಿಗ್ನಲ್ ಬಲ ಡಿಬಿಎಂ ಅಳತೆಯಲ್ಲಿ ಸಿಗುತ್ತದೆ, ಅಂದರೆ ಮೈನಸ್ 99ರಿಂದ ಮೈನಸ್ 75ಕ್ಕೆ ಏರಿಕೆ. ಮಾಡ್ಯೂಲಿನ ಮೇಲಿನ ಆಂಟೆನಾ ಕನೆಕ್ಟರ್ ಅಕ್ಕಿಕಾಳಿಗಿಂತ ಚಿಕ್ಕದು, ಹೆಬ್ಬೆರಳಿನ ಉಗುರಿನಿಂದ ನೇರವಾಗಿ ಒತ್ತಿದರೆ ‘ಟಕ್’ ಎಂದು ಕೂರುತ್ತದೆ. ಅದನ್ನು ಸುಮಾರು 30 ಸಲ ಹಾಕಿ ತೆಗೆಯುವಷ್ಟು ಮಾತ್ರ ಗಟ್ಟಿಯಾಗಿ ಮಾಡಿರುತ್ತಾರೆ, ಆಟವಾಡಬೇಡಿ. ಕನೆಕ್ಟರ್‌ಗಳಲ್ಲಿ ‘ಮೇನ್’ ಎಂದಿರುವುದಕ್ಕೇ ಮೊದಲು ತಂತಿ.

ಹೊರಗಿನಿಂದ ಪೈಗೆ ಲಾಗಿನ್ ಆಗುವ ವಿಷಯದಲ್ಲಿ ಎಲ್ಲವೂ ಸಮಾನ. ಮೊಬೈಲ್ ಕಂಪನಿಗಳು ಸಾಮಾನ್ಯ ಸಿಮ್‌ಗೆ ಐಪಿವಿ4ರಲ್ಲಿ ಸಾರ್ವಜನಿಕ ವಿಳಾಸ ಕೊಡುವುದಿಲ್ಲ, ಸಾವಿರಾರು ಜನರನ್ನು ನ್ಯಾಟ್ ಎಂಬ ಏರ್ಪಾಡಿನಲ್ಲಿ ಒಂದೇ ಹಂಚಿಕೆ ವಿಳಾಸದ ಹಿಂದೆ ಕೂರಿಸುತ್ತವೆ. ಪೈಯೇ ಒಳಗಿನಿಂದ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ ತೋಡಬೇಕು, 25 ಸೆಕೆಂಡಿಗೊಮ್ಮೆ ಅದನ್ನು ತಟ್ಟಿ ಎಚ್ಚರವಾಗಿಡಬೇಕು. ಯಾವ ಮೋಡೆಮ್ ಹಾಕಿದರೂ ಇದು ತಪ್ಪಿದ್ದಲ್ಲ.

ದುಡ್ಡಿನ ಮಾತು. ನನಗೆ ಡಾಂಗಲ್ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತ್ತು. ಮಾಡ್ಯೂಲ್, ಬೋರ್ಡ್, ಆಂಟೆನಾ, ಅದನ್ನು ಜೋಡಿಸುವ ಎಸ್‌ಎಂಎ ತಂತಿ ಎಲ್ಲ ಸೇರಿ ಅದರ ಎರಡು ಪಟ್ಟು ದಾಟಿತು. ಮಾಲೀಕರು ಹುಬ್ಬೇರಿಸಿದರು, ಮೆಟ್ರೊ, ರಿಕ್ಷಾ ಮತ್ತು ನನ್ನ ಅರ್ಧ ದಿನದ ಕೂಲಿಯನ್ನು ಚೀಟಿಯಲ್ಲಿ ಬರೆದು ತೋರಿಸಿದ ಮೇಲೆ ಹುಬ್ಬು ಇಳಿಯಿತು. ಕಣ್ಣೆದುರಿಗೇ ಇರುವ ಕಿಯಾಸ್ಕ್‌ಗೋ, ವಾರದ ಮಟ್ಟಿಗಿನ ಪ್ರದರ್ಶನಕ್ಕೋ ಆದರೆ ಡಾಂಗಲ್ ಸಾಕು, ಅಷ್ಟು ಖರ್ಚು ಬೇಡ. ನನ್ನದು ಈಗ ಲ್ಯಾಪ್‌ಟಾಪ್ ಚೀಲದಲ್ಲಿದೆ, ಊರಿಗೆ ಹೋಗುವ ರೈಲಿನಲ್ಲಿ ಚೆನ್ನಾಗಿಯೇ ನಡೆಯುತ್ತದೆ.

ಕೊಳ್ಳಲು ಪುಣೆಯ ‘ಬುಧವಾರ ಪೇಠೆ’ ಬಡಾವಣೆಗೆ ಹೋಗುತ್ತೀರೋ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ತರಿಸುತ್ತೀರೋ, ಮಾಡ್ಯೂಲಿನ ಲೋಹದ ಮುಚ್ಚಳದ ಮೇಲಿನ ಹೆಸರನ್ನು ಕೊನೆಯ ಅಕ್ಷರದವರೆಗೆ ಓದಿ. ಇಸಿ25-ಇ ಆಗಿರಬೇಕು, ನಮ್ಮಲ್ಲಿ 4ಜಿ ಓಡುವ ಬ್ಯಾಂಡ್ (ತರಂಗಪಟ್ಟಿ) 3, 5, 8, 40 ಅದರಲ್ಲಿವೆ. ಇಸಿ25-ಎ ಅಮೆರಿಕದ ಜಾಲಗಳಿಗಾಗಿ ಮಾಡಿದ್ದು, ಅದರ 4ಜಿ ಬ್ಯಾಂಡ್‌ಗಳು 2, 4 ಮತ್ತು 12. ನೋಡಲು ಎರಡೂ ಒಂದೇ, ಅಂಗಡಿಯವರು ರಿಯಾಯಿತಿ ಕೊಟ್ಟರೂ ‘ಎ’ ಬೇಡ.