ಆರ್ ಬಳಸುತ್ತೀರಾ? ಫಂಕ್ಷನ್ ನೀವೇ ಬರೆದುಕೊಳ್ಳಿ

ಸರ್ವೆ ಡೇಟಾ ನೋಡುವ ಕೆಲಸಕ್ಕೆ ಆರ್ (R) ಅನ್ನುವ ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆ ಹಿಡಿದು ನಾಲ್ಕು ವರ್ಷ ಆಯಿತು. ದುಡ್ಡು ಕೊಡಬೇಕಿಲ್ಲ, ಲೈಸೆನ್ಸ್ ಮುಗಿಯಿತು ಅನ್ನುವ ತಲೆನೋವೂ ಇಲ್ಲ. ಆದರೆ ಮೊದಲ ಎರಡು ವರ್ಷ ಸುಮ್ನೆ ಕಾಪಿ-ಪೇಸ್ಟ್‌ನಲ್ಲೇ ಕಳೆದೆ. ಒಂದು ಕಾಲಂಗೆ ಬರೆದ ನಾಲ್ಕು ಸಾಲು ಕಾಪಿ ಮಾಡುವುದು, ಹೆಸರು ಬದಲಾಯಿಸುವುದು, ಮತ್ತೆ ಪೇಸ್ಟ್ ಮಾಡುವುದು, ಹೀಗೇ ಹನ್ನೊಂದನೇ ಕಾಲಂ ಹತ್ತಿರ ಬಂದಾಗ ಒಂದು ಕಡೆ ಹೆಸರು ಬದಲಾಯಿಸಲು ಮರೆತೆ. ಆರ್ ಏನೂ ಹೇಳಲಿಲ್ಲ. ತಪ್ಪು ಸರಾಸರಿ ಹಾಗೇ ವರದಿಗೆ ಹೋಯಿತು. ಆ ರಾತ್ರಿ ಮೊದಲ ಫಂಕ್ಷನ್ ಬರೆದೆ, ಅಂದರೆ ಹೆಸರಿಟ್ಟು ಬೇಕಾದಾಗಲೆಲ್ಲ ಕರೆಯಬಹುದಾದ ಕೋಡ್ ತುಂಡು.

ಅದು ಸ್ಟ್ಯಾಂಡರ್ಡ್ ಎರರ್‌ಗೆ, ಅಂದರೆ ಲೆಕ್ಕ ಹಾಕಿದ ಸರಾಸರಿ ಎಷ್ಟು ಆಚೀಚೆ ಇರಬಹುದು ಅನ್ನುವ ಅಳತೆಗೆ. ಆರ್‌ನಲ್ಲಿ ಸರಾಸರಿಗೆ 'ಮೀನ್' ಇದೆ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ 'ಎಸ್‌ಡಿ' ಇದೆ, ಇದಕ್ಕೆ ಮಾತ್ರ ತಯಾರಾಗಿ ಸಿಗುವ ಫಂಕ್ಷನ್ ಇಲ್ಲ. ಹಾಗಾಗಿ ತುಂಬಾ ಜನ ಎಸ್‌ಡಿಯನ್ನು ಕಾಲಂನ ಸಾಲುಗಳನ್ನು ಎಣಿಸುವ 'ಲೆಂತ್'ನ ವರ್ಗಮೂಲದಿಂದ ಭಾಗಿಸಿಬಿಡುತ್ತಾರೆ. ಎಡವುವುದು ಇಲ್ಲೇ. ಆರ್ ಜೊತೆಗೇ ಬರುವ 'ಏರ್‌ಕ್ವಾಲಿಟಿ' ಡೇಟಾ ತೆಗೆದು ನೋಡಿ, 1973ರ ಮೇಯಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕ್‌ನಲ್ಲಿ ಅಳೆದದ್ದು. ಒಟ್ಟು 153 ದಿನ. ಓಝೋನ್ ಕಾಲಂನಲ್ಲಿ 37 ದಿನದ ಅಳತೆಯೇ ಇಲ್ಲ, 'ಎನ್‌ಎ' ಅಂತಿದೆ. ಅವನ್ನು ಬಿಡು ಅಂತ ಎಸ್‌ಡಿಗೆ ಹೇಳಬಹುದು, ಲೆಂತ್ ಮಾತ್ರ ಖಾಲಿ ದಿನಗಳನ್ನೂ ಎಣಿಸುತ್ತದೆ. 153 ಇಟ್ಟು ಲೆಕ್ಕ ಹಾಕಿದರೆ 2.67 ಬರುತ್ತದೆ, ನಿಜವಾಗಿ ಇರುವ 116 ಇಟ್ಟರೆ 3.06. ಕಡಿಮೆ ವ್ಯತ್ಯಾಸ ಅಲ್ಲ, ಅಲ್ವಾ?

ಇದೇ ಲೆಕ್ಕ ಹನ್ನೊಂದು ಕಡೆ ಪೇಸ್ಟ್ ಆಗಿದ್ದರೆ ಹನ್ನೊಂದು ಕಡೆ ತಿದ್ದಬೇಕು. ಫಂಕ್ಷನ್ ಆಗಿದ್ದರೆ ಒಂದೇ ಸಾಲು. ಆಮೇಲೆ ಅದನ್ನು 'ಎಸ್‌ಅಪ್ಲೈ'ಗೆ ಕೊಟ್ಟರೆ ಎಲ್ಲ ಕಾಲಂಗೂ ತಾನೇ ಓಡಿಸುತ್ತದೆ. ಆರು ತಿಂಗಳಾದ ಮೇಲೆ ಕೋಡ್ ತೆರೆದರೂ ಫಂಕ್ಷನ್ ಹೆಸರು ನೋಡಿದರೆ ಸಾಕು, ಇಲ್ಲಿ ಏನು ಮಾಡಿದ್ದೆ ಅಂತ ತಿಳಿಯುತ್ತದೆ. ನನಗೆ ಜಾಸ್ತಿ ಇಷ್ಟವಾದದ್ದು ಇದೇ.

ಬೇಜಾರಿನ ಸಂಗತಿಯೂ ಇದೆ. ಫಂಕ್ಷನ್ ಒಳಗೆ ಒಂದು ಹೆಸರು ಸಿಗದಿದ್ದರೆ ಆರ್ ಹೊರಗೆ ಹೋಗಿ ಹುಡುಕುತ್ತದೆ. ಬೆಳಿಗ್ಗೆ ಮಾಡಿಟ್ಟ ಹಳೇ ಡೇಟಾಗೆ ಅದೇ ಹೆಸರಿದ್ದರೆ ಅದನ್ನೇ ಎತ್ತಿಕೊಂಡು ಉತ್ತರ ಕೊಡುತ್ತದೆ. ಅದಕ್ಕೇ ಬೇಕಾದದ್ದನ್ನೆಲ್ಲ ಫಂಕ್ಷನ್ ಹೆಸರಿನ ಪಕ್ಕದ ಬ್ರಾಕೆಟ್‌ನಲ್ಲೇ ಒಳಗೆ ಕಳಿಸಿ, ಹಳೇದೇನೂ ಇಲ್ಲದ ಹೊಸ ಸೆಷನ್‌ನಲ್ಲಿ ಒಮ್ಮೆ ಓಡಿಸಿ ನೋಡಿ.

ನನ್ನ ಫಂಕ್ಷನ್‌ಗಳೆಲ್ಲ ಈಗ ಒಂದೇ ಫೈಲ್‌ನಲ್ಲಿವೆ. ಕೆಲಸ ಶುರು ಮಾಡುವಾಗ 'ಸೋರ್ಸ್' ಅಂತ ಒಂದು ಸಾಲು ಹಾಕಿ ತರಿಸಿಕೊಳ್ಳುತ್ತೇನೆ. ಟೀಮಿಗೆ ಹೊಸದಾಗಿ ಬಂದ ಹುಡುಗಿಗೂ ಮೊದಲ ದಿನವೇ ಆ ಫೈಲ್ ಕೊಟ್ಟೆ.